ಸತುವಿನ ಮೇಲೆ ರೆಡ್ ಆಕ್ಸೈಡ್ ಹಚ್ಚಬೇಡಿ

ಗ್ಯಾಲ್ವನೈಸ್ ಮಾಡಿಸಿದ, ಅಂದರೆ ಸತುವಿನ ಪದರ ಹಾಕಿಸಿದ, ಗಾಡಿ ಚಾಸಿಯ ಪೇಂಟ್ ಹಾಳೆ ಹಾಳೆಯಾಗಿ ಎದ್ದು ಬರುತ್ತಿದೆ ಎನ್ನುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಕೆಳಗೆ ಯಾವ ಪ್ರೈಮರ್ ಹಾಕಿದ್ದೀರಿ? ಉತ್ತರವೂ ಹೆಚ್ಚು ಕಡಿಮೆ ಯಾವಾಗಲೂ ಒಂದೇ. ‘ರೆಡ್ ಆಕ್ಸೈಡ್ ಸಾರ್. ಒಳ್ಳೆ ಕಂಪನಿದೇ. ಎರಡು ಕೋಟ್ ಹೊಡೆದಿದ್ದೀನಿ.’ ಅದರ ಮೇಲೆ ಕಪ್ಪು ಎನಾಮೆಲ್. ಹಚ್ಚಿದ ವಾರ ಉಗುರಲ್ಲಿ ಕೆರೆದರೂ ಬರುತ್ತಿರಲಿಲ್ಲವಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆರಳಲ್ಲಿ ಎಳೆದರೆ ಬರುತ್ತಿದೆ.

ಇವರು ಯಾರೂ ಸೋಮಾರಿಗಳಲ್ಲ. ಹಳೆಯ ಜೀಪನ್ನು ಒಂದೊಂದೇ ನಟ್ಟು ಬಿಚ್ಚಿ, ಬಾಡಿ ಎತ್ತಿ ಪಕ್ಕಕ್ಕಿಟ್ಟು, ಚಾಸಿಯನ್ನು ಬ್ಲಾಸ್ಟ್ ಮಾಡಿಸಿ (ಗಾಳಿಯ ಒತ್ತಡದಲ್ಲಿ ಒರಟು ಪುಡಿ ಹೊಡೆಸಿ ಸ್ವಚ್ಛ ಮಾಡಿಸಿ), 450 ಡಿಗ್ರಿ ಸೆಲ್ಸಿಯಸ್ಸಿನ ಕರಗಿದ ಸತುವಿನಲ್ಲಿ ಅದ್ದಿಸಿಕೊಂಡು ಬಂದವರು. ಗಾಡಿ ಮೇಲೆ ಅಷ್ಟು ಪ್ರೀತಿ ಇರುವವರು. ಅಷ್ಟೆಲ್ಲ ಮಾಡಿ ಕೊನೆಯ ಕೆಲಸದಲ್ಲಿ ಎಡವುತ್ತಾರಲ್ಲ, ಅದನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ವಿಷಯ ಇಷ್ಟೇ. ಅದ್ದಿ ತೆಗೆದ ಮೇಲೆ ನಿಮ್ಮ ಕಣ್ಣಿಗೆ ಕಾಣುವುದು ಕಬ್ಬಿಣವಲ್ಲ, ಸತು. ಕಬ್ಬಿಣಕ್ಕೆ ಒಗ್ಗುವ ಪೇಂಟ್ ಸತುವಿಗೆ ಒಗ್ಗಬೇಕೆಂದೇನೂ ಇಲ್ಲ.

ರೆಡ್ ಆಕ್ಸೈಡ್‌ನಲ್ಲಿರುವ ಕೆಂಪು ಪುಡಿಯಿಂದ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಆ ಪುಡಿಯನ್ನು ಹಿಡಿದಿಡುವ ರಾಳದಲ್ಲಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೆಡ್ ಆಕ್ಸೈಡ್, ಸಾಮಾನ್ಯ ಎನಾಮೆಲ್, ಎರಡರಲ್ಲೂ ಇರುವುದು ಆಲ್ಕಿಡ್ ರಾಳ. ಅದನ್ನು ಮಾಡುವುದು ಅಗಸೆ ಎಣ್ಣೆ, ಸೋಯಾ ಎಣ್ಣೆಯಂಥ ಎಣ್ಣೆಗಳಿಂದ. ಸತುವಿಗೆ ಗಾಳಿ, ತೇವ ತಾಗಿದರೆ ಅದರ ಮೇಲೆ ಸತುವಿನ ಆಕ್ಸೈಡ್, ಹೈಡ್ರಾಕ್ಸೈಡ್ ಹುಟ್ಟುತ್ತವೆ. ಇವು ಕ್ಷಾರದ ಗುಣದವು. ಎಣ್ಣೆಗೆ ಕ್ಷಾರ ಸೇರಿದರೆ ಏನಾಗುತ್ತದೆ? ಸಾಬೂನು ಆಗುತ್ತದೆ. ಸಾಬೂನು ಕಾರ್ಖಾನೆಯಲ್ಲಿ ನಡೆಯುವ ಆ ಕ್ರಿಯೆಯೇ ನಿಮ್ಮ ಚಾಸಿಯ ಮೇಲೆ, ಪೇಂಟಿಗೂ ಸತುವಿಗೂ ನಡುವೆ, ನಿಧಾನವಾಗಿ ನಡೆಯುತ್ತದೆ. ಅಲ್ಲಿ ಸತುವಿನ ಸಾಬೂನಿನ ತೆಳು ಪದರ ಕಟ್ಟಿಕೊಳ್ಳುತ್ತದೆ. ಪೇಂಟಿಗೆ ಆಮೇಲೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ನಿಧಾನವಾಗಿ ಎಂದೆ, ಅದೇ ಜನರನ್ನು ಮೋಸ ಮಾಡುವುದು. ಹಚ್ಚಿದ ದಿನ ಸಾಬೂನು ಇರುವುದಿಲ್ಲ, ಪೇಂಟ್ ಗಟ್ಟಿಯಾಗಿ ಕೂತಿರುತ್ತದೆ. ತೇವ ಪೇಂಟಿನೊಳಗೆ ಇಳಿಯುತ್ತಾ ಹೋದ ಹಾಗೆ ಕ್ರಿಯೆ ಮುಂದುವರಿಯುತ್ತದೆ. ಎಷ್ಟು ತಿಂಗಳು ಎಂದು ನಾನು ಹೇಳಲಾರೆ, ಅದು ಗಾಡಿ ಓಡುವ ಜಾಗದ ಮೇಲೆ ಹೋಗುತ್ತದೆ. ‘ಎಮರಿ ಪೇಪರಲ್ಲಿ ಚೆನ್ನಾಗಿ ಉಜ್ಜಿದ್ದೆ’ ಎಂದರೂ ಅಷ್ಟೇ, ‘ದುಬಾರಿ ಪೇಂಟ್’ ಎಂದರೂ ಅಷ್ಟೇ, ‘ಮೂರು ಕೋಟ್’ ಎಂದರೂ ಅಷ್ಟೇ. ಉಜ್ಜಿದರೆ ಹಿಡಿತ ಸ್ವಲ್ಪ ಜಾಸ್ತಿಯಾಗಬಹುದು, ರಸಾಯನ ಕ್ರಿಯೆ ನಿಲ್ಲುವುದಿಲ್ಲ.

ಒಬ್ಬ ಹಿರಿಯರು ಪ್ರತಿ ವರ್ಷ ಚಾಸಿ ಕೆರೆದು ಮತ್ತೆ ರೆಡ್ ಆಕ್ಸೈಡ್ ಹಚ್ಚುತ್ತಿದ್ದರು. ಒಳಗೆ ತುಕ್ಕು ಎದ್ದು ಪೇಂಟನ್ನು ಎತ್ತುತ್ತಿದೆ ಎಂದು ಅವರ ನಂಬಿಕೆ. ಅದಕ್ಕೇ ವರ್ಷ ವರ್ಷ ಇನ್ನೂ ಜೋರಾಗಿ ವೈರ್ ಬ್ರಷ್ ಹಾಕುತ್ತಿದ್ದರು. ಎದ್ದ ಚೂರನ್ನು ತಿರುಗಿಸಿ ತೋರಿಸಿದೆ. ಹಿಂಬದಿಯಲ್ಲಿ ತುಕ್ಕಿನ ಕಲೆಯೇ ಇಲ್ಲ. ಚಾಸಿ ಮೇಲೆ ನೋಡಿದರೆ ಬೂದು ಬಣ್ಣದ ಸತು ಹಾಗೇ ಇದೆ. ತುಕ್ಕು ಬಂದದ್ದು ಒಂದೇ ಕಡೆ, ಅವರೇ ಬ್ರಷ್‌ನಲ್ಲಿ ಸತುವನ್ನು ತಿಂದು ಹಾಕಿದ್ದ ಕಡೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಪಾಪ ಅನ್ನಿಸಿತು.

ಸತುವಿನ ಪದರ ಎಷ್ಟು ದಪ್ಪ ಎಂದು ತಿಳಿದರೆ ಗ್ರೈಂಡರ್ ಹಿಡಿಯುವ ಕೈ ತಾನಾಗಿ ಹಗುರವಾಗುತ್ತದೆ. ಐಎಸ್‌ಒ 1461 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 3ರಿಂದ 6 ಮಿಲಿಮೀಟರ್ ದಪ್ಪದ ಉಕ್ಕಿಗೆ ಸರಾಸರಿ 70 ಮೈಕ್ರಾನ್ ಇದ್ದರೆ ಸಾಕು. ಅಂದರೆ ಒಂದು ತಲೆಕೂದಲಿನಷ್ಟು. ಅದಕ್ಕಿಂತ ತೆಳು ತಗಡಿಗೆ ಇನ್ನೂ ಕಡಿಮೆ. ಅದ್ದಿ ಎತ್ತುವಾಗ ಸೋರಿ ಗಟ್ಟಿಯಾದ ಹನಿಗಳು, ಮುಳ್ಳುಗಳು ಇರುತ್ತವಲ್ಲ, ಅವನ್ನು ಮಾತ್ರ ಅರದಲ್ಲಿ ಸಮ ಮಾಡಿ. ಉಳಿದದ್ದನ್ನು ಮುಟ್ಟಬೇಡಿ. ಚಾಸಿ ನಂಬರ್ ಕೊರೆದ ಜಾಗದಲ್ಲಿ ಸತು ತುಂಬಿಕೊಂಡಿದ್ದರೆ ಅಲ್ಲಂತೂ ಗ್ರೈಂಡರ್ ಬೇಡವೇ ಬೇಡ. ಅಂಕಿ ಅಳಿಸಿದರೆ ದಾಖಲೆಯ ತಲೆನೋವು ಬೇರೆ.

ಇನ್ನೊಂದು ತಪ್ಪು ಲೆಕ್ಕ ಸತುವಿನ ವಯಸ್ಸಿನದು. ‘ಹೊಸದು, ಫಳಫಳ ಹೊಳೆಯುತ್ತಿದೆ, ಇನ್ನೇನು ಸ್ವಚ್ಛ ಮಾಡೋದು?’ ಎನ್ನುತ್ತಾರೆ. ಹೊಳಪು ಬೇರೆ, ಸ್ವಚ್ಛ ಬೇರೆ. ಹೊಸ ಸತು ನುಣುಪಾಗಿರುತ್ತದೆ, ಪೇಂಟ್ ಹಿಡಿಯಲು ಅಲ್ಲಿ ಜಾಗವೇ ಇರುವುದಿಲ್ಲ. ಒಂದೆರಡು ದಿನದಲ್ಲೇ ಆಕ್ಸೈಡ್ ಬಂದು ಕೂರುತ್ತದೆ. ತಿಂಗಳುಗಟ್ಟಲೆ ಗಾಳಿ ಮಳೆಯಲ್ಲಿ ಇದ್ದ ಮೇಲೆ ಗಟ್ಟಿ ಕಾರ್ಬೊನೇಟ್ ಪದರವಾಗುತ್ತದೆ. ಅದು ಪೂರ್ತಿಯಾಗಲು ಆರು ತಿಂಗಳಿಂದ ಎರಡು ವರ್ಷ ಬೇಕು. ಹಾಗೆ ಪೂರ್ತಿ ಹಳತಾದದ್ದು ಪೇಂಟಿಗೆ ಒಳ್ಳೆಯದೇ, ಚೆನ್ನಾಗಿ ತೊಳೆದರೆ ಬಹುತೇಕ ಸಾಕು. ಕಷ್ಟ ಇರುವುದು ನಡುವಿನ ಅವಧಿಯಲ್ಲಿ. ಬಿಳಿ ಪುಡಿಯಂತೆ ಎದ್ದಿರುವ ಬಿಳಿ ತುಕ್ಕನ್ನು ನೈಲಾನ್ ಬ್ರಷ್ ಮತ್ತು ಶೇಕಡಾ ಒಂದೆರಡರಷ್ಟು ಅಮೋನಿಯಾ ಬೆರೆಸಿದ ನೀರಿನಿಂದ ತೆಗೆಯಲೇಬೇಕು.

ಗ್ಯಾಲ್ವನೈಸ್ ಮಾಡುವವರಿಗೆ ಮೊದಲೇ ಒಂದು ಮಾತು ಹೇಳಿ. ‘ಇದಕ್ಕೆ ಆಮೇಲೆ ಪೇಂಟ್ ಆಗುತ್ತೆ, ಪ್ಯಾಸಿವೇಶನ್ ಬೇಡ.’ ಬಿಳಿ ತುಕ್ಕು ಬರದಿರಲಿ ಎಂದು ಅವರು ಕೊನೆಗೆ ಕ್ರೋಮೇಟ್ ದ್ರಾವಣದಲ್ಲಿ ಅದ್ದುವುದುಂಟು. ಆ ತೆಳು ಪೊರೆ ಕಣ್ಣಿಗೆ ಕಾಣುವುದಿಲ್ಲ, ಪೇಂಟನ್ನೂ ಹಿಡಿಯುವುದಿಲ್ಲ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಜಿಡ್ಡು ತೆಗೆಯುವುದು ನಿಮಗೆ ಗೊತ್ತಿರುವ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಷಾರದ ಕ್ಲೀನರ್ ಅತಿ ತೀಕ್ಷ್ಣವಾಗಿರಬಾರದು, ಹೈಡ್ರೋಕ್ಲೋರಿಕ್ ಆಮ್ಲದ ಹತ್ತಿರವೂ ಹೋಗಬಾರದು. ಸತುವನ್ನು ಎರಡೂ ತಿನ್ನುತ್ತವೆ. ಅದಾದ ಮೇಲೆ ಎರಡು ದಾರಿ ಇವೆ. ಹೊಸ ಸತುವಿಗೆ ನಾನು ಬಳಸುವುದು ಟಿ-ವಾಶ್. ಫಾಸ್ಫರಿಕ್ ಆಮ್ಲದಲ್ಲಿ ಸ್ವಲ್ಪ ತಾಮ್ರದ ಲವಣ ಇರುವ ದ್ರಾವಣ ಅದು. ಹಚ್ಚಿದರೆ ಸತು ಕಪ್ಪಾಗುತ್ತದೆ. ನನಗೆ ಇದು ಇಷ್ಟವಾಗುವುದೇ ಈ ಗುಣಕ್ಕೆ. ಕಪ್ಪಾಗದ ಜಾಗ ಇದ್ದರೆ ಅಲ್ಲಿ ಜಿಡ್ಡೋ ಕ್ರೋಮೇಟೋ ಉಳಿದಿದೆ ಎಂದು ತಿಳಿಯುತ್ತದೆ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಧಾರಾಳ ನೀರಲ್ಲಿ ತೊಳೆಯಿರಿ. ಮೂಲೆಗಳಲ್ಲಿ ದ್ರಾವಣ ನಿಲ್ಲಬಾರದು. ಹಳತಾದ ಸತುವಿನ ಮೇಲೆ ಇದು ಕೆಲಸ ಮಾಡುವುದಿಲ್ಲ.

ಎರಡನೆಯದು ಸ್ವೀಪ್ ಬ್ಲಾಸ್ಟಿಂಗ್, ಅಂದರೆ ಮೇಲೆ ಮೇಲೆ ಹಗುರವಾಗಿ ಸವರುವ ಬ್ಲಾಸ್ಟಿಂಗ್. ಇಲ್ಲಿ ಕೆಲಸ ಮಾಡುವವರಿಗೆ ಅನುಭವ ಇರಬೇಕು. ಗಾರ್ನೆಟ್‌ನಂಥ ನುಣ್ಣನೆ ಪುಡಿ, 40 ಪಿಎಸ್‌ಐಗಿಂತ ಕಡಿಮೆ ಒತ್ತಡ, ನಾಝಲ್ ಓರೆಯಾಗಿ ಹಿಡಿದು ಬೇಗ ಬೇಗ ಸಾಗಬೇಕು. ಹೊಳಪು ಸತ್ತರೆ ಸಾಕು. ಕಬ್ಬಿಣಕ್ಕೆ ಮಾಡುವ ಹಾಗೆ ಪೂರ್ತಿ ಒತ್ತಡದಲ್ಲಿ ಸ್ಟೀಲ್ ಗ್ರಿಟ್ ಹೊಡೆದರೆ, ದುಡ್ಡು ಕೊಟ್ಟು ಹಾಕಿಸಿಕೊಂಡ ಸತುವನ್ನು ದುಡ್ಡು ಕೊಟ್ಟೇ ತೆಗೆಸಿದ ಹಾಗಾಯಿತು.

ಪ್ರೈಮರ್ ಎರಡು ಡಬ್ಬದ ಎಪಾಕ್ಸಿ ಇರಲಿ, ಗ್ಯಾಲ್ವನೈಸ್ ಮೇಲೆ ಹಾಕಬಹುದು ಎಂದು ಕಂಪನಿಯ ಮಾಹಿತಿ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿರುವಂಥದು. ಅದರ ಮೇಲೆ ಪಾಲಿಯುರೆಥೇನ್ ಪೇಂಟ್. ಎಚ್ (etch) ಪ್ರೈಮರ್, ಅಂದರೆ ಆಮ್ಲ ಇರುವ ಪ್ರೈಮರ್, ಹಾಕುವವರು ತೆಳ್ಳಗೆ ಹಾಕಬೇಕು, 8ರಿಂದ 12 ಮೈಕ್ರಾನ್. ದಪ್ಪವಾದರೆ ಅದೇ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಎಪಾಕ್ಸಿ ಹಾಕಬಹುದೇ ಎಂಬುದನ್ನೂ ಅದೇ ಹಾಳೆಯಲ್ಲಿ ನೋಡಿ, ಎಲ್ಲ ಎಪಾಕ್ಸಿಯೂ ಆಮ್ಲದ ಪ್ರೈಮರ್ ಮೇಲೆ ಕೂರುವುದಿಲ್ಲ. ಪಾಲಿಯುರೆಥೇನ್ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ. ಬಟ್ಟೆ ಕಟ್ಟಿಕೊಂಡು ಸ್ಪ್ರೇ ಮಾಡಬೇಡಿ, ಹೊರಗಿನ ಗಾಳಿ ಬರುವ ಮಾಸ್ಕ್ ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ ಕೊಡಿ. ಅರ್ತ್ ವೈರ್ ಕೂರುವ ಜಾಗಗಳಿಗೆ ಟೇಪ್ ಹಾಕುವುದು ಮರೆಯಬೇಡಿ.

ಅಷ್ಟಕ್ಕೂ ಪೇಂಟ್ ಬೇಕೇ ಬೇಕಾ? ಸುಮ್ನೆ ಬಿಟ್ಟರೂ ಸತು ತನ್ನ ಕೆಲಸ ಮಾಡುತ್ತದೆ. ಗಾಡಿ ಒಣ ರಸ್ತೆಯಲ್ಲೇ ಓಡುತ್ತದೆ ಎಂದರೆ ಹಾಗೇ ಬಿಡಿ ಎನ್ನುತ್ತೇನೆ. ಸಮುದ್ರದ ಹತ್ತಿರ, ಕೆಸರು, ಉಪ್ಪು ಇರುವ ಕಡೆ ಪೇಂಟ್ ಬೇಕು. ಸತು ಮತ್ತು ಪೇಂಟ್ ಸರಿಯಾಗಿ ಕೂಡಿದರೆ ಎರಡರ ಆಯುಸ್ಸು ಕೂಡಿಸಿದ್ದಕ್ಕಿಂತ 1.5ರಿಂದ 2.3 ಪಟ್ಟು ಬಾಳಿಕೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿಕೊಂಡ ಲೆಕ್ಕ. ಸರಿಯಾಗಿ ಕೂಡದ ಪೇಂಟ್ ಇಲ್ಲದಿರುವುದೇ ಮೇಲು. ಎದ್ದ ಪೇಂಟಿನ ಕೆಳಗೆ ಕೆಸರು, ತೇವ ನಿಂತು ಒಣಗದೆ ಸತು ಬೇಗ ಸವೆಯುತ್ತದೆ.

ಈಗಾಗಲೇ ರೆಡ್ ಆಕ್ಸೈಡ್ ಹಚ್ಚಿ ಎದ್ದಿದ್ದರೆ ಎದ್ದ ಜಾಗಕ್ಕಷ್ಟೇ ತೇಪೆ ಹಾಕಬೇಡಿ, ಕೂತಿರುವುದೂ ನಾಳೆ ಏಳುವಂಥದೇ. ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ಪೇಂಟ್ ರಿಮೂವರ್‌ನಿಂದ ಪೂರ್ತಿ ತೆಗೆಯಿರಿ, ತೊಳೆಯಿರಿ, ಚೆನ್ನಾಗಿ ಒಣಗಲು ಬಿಡಿ. ಸತು ಬಿಟ್ಟುಹೋಗಿ ಕಬ್ಬಿಣ ಕಾಣುವ ಕಡೆ ಸತುವಿನ ಪುಡಿ ಹೆಚ್ಚಾಗಿರುವ ಜಿಂಕ್ ರಿಚ್ ಪೇಂಟ್ ಹಚ್ಚಿ. ಆಮೇಲೆ ಚಾಸಿಯ ಅಡ್ಡ ಪಟ್ಟಿ (ಕ್ರಾಸ್ ಮೆಂಬರ್) ಒಂದರಲ್ಲಿ ಅಂಗೈಯಗಲ ಜಾಗಕ್ಕೆ ಹೊಸ ಎಪಾಕ್ಸಿ ಹಾಕಿ, ಪೂರ್ತಿ ಗಟ್ಟಿಯಾದ ಮೇಲೆ ಕೆಲವು ದಿನ ಒದ್ದೆ ಬಟ್ಟೆ ಕಟ್ಟಿಡಿ. ಬಿಚ್ಚಿ ಒಣಗಿಸಿ, ಬ್ಲೇಡಿನಿಂದ ಚೌಕ ಚೌಕವಾಗಿ ಗೀರಿ, ಟೇಪ್ ಅಂಟಿಸಿ ಕಿತ್ತು ನೋಡಿ. ಚೌಕಗಳು ಟೇಪಿನ ಜೊತೆ ಬಂದರೆ ಸತು ಇನ್ನೂ ಸ್ವಚ್ಛವಾಗಿಲ್ಲ. ಉಳಿದ ಚಾಸಿಗೆ ಸ್ಪ್ರೇ ಗನ್ ಎತ್ತುವ ಮೊದಲು ಇನ್ನೊಮ್ಮೆ ತೊಳೆಯಿರಿ.