ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು

2025ರ ಮೇ 10ರ ಸಂಜೆ ಭಾರತ-ಪಾಕಿಸ್ತಾನದ ಕದನ ನಿಂತ ಸುದ್ದಿ ಬಂದಾಗ ನಾನು ರಾಯಚೂರಿನ ಒಂದು ಚಹಾದಂಗಡಿಯಲ್ಲಿದ್ದೆ. ‘ಇಷ್ಟಕ್ಕೇ ಬಿಟ್ರಾ? ಇನ್ನೊಂದು ವಾರ ಬಾರಿಸಬೇಕಿತ್ತು’ ಅಂತ ಸ್ಥಳೀಯ ಮುಖಂಡರೊಬ್ಬರು ಗುಡುಗಿದರು. ಅವರ ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡೋದು ಅಂತ ನಮ್ಮಲ್ಲಿ ಗಾದೆಯೇ ಇದೆಯಲ್ಲ. ಯುದ್ಧ ಬೇಕು ಅನ್ನುವವರು ಬೇರೆ, ಹೋಗುವವರು ಬೇರೆ ಆದದ್ದು ಹೇಗೆ?

ಊರ ನಡುವೆಯೇ ಕೋಟೆ ಇದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ವಿಜಯನಗರದವರು ಬಹಮನಿಯವರ ಜೊತೆ, ಆಮೇಲೆ ಬಿಜಾಪುರದವರ ಜೊತೆ ಸುಮಾರು ಇನ್ನೂರು ವರ್ಷ ಕಾದಾಡಿದರು. 1520ರ ರಾಯಚೂರು ಯುದ್ಧದ ಕಥೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ತೋಪುಗಳಿಗೆ ವಿಜಯನಗರದ ಮುಂದಿನ ಪಡೆ ಚದುರಿತು. ಆಗ ಕೃಷ್ಣದೇವರಾಯ ಬೆರಳಿನ ಉಂಗುರ ತೆಗೆದು ಸೇವಕ ಹುಡುಗನ ಕೈಗಿಟ್ಟನಂತೆ, ತಾನು ಸತ್ತದ್ದಕ್ಕೆ ಗುರುತಾಗಿ ರಾಣಿಯರಿಗೆ ತೋರಿಸಲು. ಆಮೇಲೆ ಕುದುರೆ ಏರಿ ತಾನೇ ನುಗ್ಗಿದ, ಗೆದ್ದ. ಓಡುವವರನ್ನು ಬೆನ್ನಟ್ಟಿ ಕೊಲ್ಲುವುದನ್ನು ನಿಲ್ಲಿಸಿದವನೂ ಅವನೇ. ತಪ್ಪಿಲ್ಲದವರು ಬಹಳ ಮಂದಿ ಸತ್ತರು ಅಂದನಂತೆ.

ಹಾಗಂತ ಅವನನ್ನು ಸಂತ ಮಾಡುವುದು ಬೇಡ. ಸಂಧಿಗೆ ಬಂದ ರಾಯಭಾರಿಗೆ, ಸುಲ್ತಾನ ಬಂದು ನನ್ನ ಪಾದಕ್ಕೆ ಮುತ್ತಿಡಲಿ ಎಂದು ಹಟ ಹಿಡಿದವನೂ ಅವನೇ. ಅದಕ್ಕಾಗಿ ಮುದಗಲ್ಲಿಗೆ ಹೋದ. ಸುಲ್ತಾನ ಬರಲಿಲ್ಲ. ದಂಡು ಬಿಜಾಪುರದವರೆಗೂ ನಡೆಯಿತು. ಒಂದು ಮುತ್ತಿಗಾಗಿ ಯುದ್ಧ ಬೆಳೆಯಿತು! ದಾರಿಯ ಹೊಲಗಳ ಗತಿ ಏನಾಯಿತೋ. ಆದರೂ ಆ ಕಾಲದಲ್ಲಿ ರಾಜನ ತಲೆಯೂ ಪಣಕ್ಕಿತ್ತು. 1565ರಲ್ಲಿ ಮುದಿ ವಯಸ್ಸಿನ ಅಳಿಯ ರಾಮರಾಯನ ತಲೆ ರಣರಂಗದಲ್ಲೇ ಹೋಯಿತು.

ಬ್ರಿಟಿಷರ ಕಾಲಕ್ಕೆ ತೀರ್ಮಾನ ಲಂಡನ್ನಿನದು, ರಕ್ತ ಇಲ್ಲಿಯದು. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು 10 ಲಕ್ಷಕ್ಕೂ ಜಾಸ್ತಿ. 70 ಸಾವಿರಕ್ಕೂ ಹೆಚ್ಚು ಮಂದಿ ವಾಪಸ್ ಬರಲಿಲ್ಲ. ಬಳ್ಳಾರಿಯಲ್ಲಿ ತುರ್ಕಿ ಯುದ್ಧಕೈದಿಗಳನ್ನು ಇಟ್ಟಿದ್ದರು. ಎಲ್ಲಿಯ ತುರ್ಕಿ, ಎಲ್ಲಿಯ ಬಳ್ಳಾರಿ ಬಿಸಿಲು!

ಆ ಯುದ್ಧದಲ್ಲಿ ದೊಡ್ಡವರ ಮಕ್ಕಳೂ ಸತ್ತರು ಅನ್ನುವುದನ್ನು ಮುಚ್ಚಿಡಬಾರದು. ಬ್ರಿಟನ್ ಪ್ರಧಾನಿ ಆಸ್ಕ್ವಿತ್ 1916ರಲ್ಲಿ ಹಿರಿಮಗನನ್ನು ಕಳೆದುಕೊಂಡರು. ಮಂತ್ರಿ ಬೋನರ್ ಲಾ 1917ರಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡರು. ಯುದ್ಧ ಮಾತ್ರ 1918ರ ನವೆಂಬರ್‌ವರೆಗೆ ನಡೆಯಿತು. ‘ನಿಮ್ಮ ಮಗನನ್ನು ಕಳಿಸಿ, ಆಗ ಗೊತ್ತಾಗುತ್ತೆ’ ಅನ್ನುವ ನಮ್ಮ ವಾದ ಎಡವುವುದು ಇಲ್ಲೇ.

ಅಮೆರಿಕದಲ್ಲಿ ಯುದ್ಧಕ್ಕೆ ಹೋಗುವುದನ್ನು ತಪ್ಪಿಸಿಕೊಳ್ಳಲು ರೇಟೇ ಇತ್ತು. ಅಂತರ್ಯುದ್ಧದ ಹೊತ್ತಿನ 1863ರ ಕಾನೂನಿನಲ್ಲಿ 300 ಡಾಲರ್ ಕಟ್ಟಿದರೆ ಸೇನೆಗೆ ಹೋಗುವುದು ತಪ್ಪುತ್ತಿತ್ತು. ಕೂಲಿಯವನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಆ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ದೊಡ್ಡ ದಂಗೆಯೇ ಆಯಿತು. ವಿಯೆಟ್ನಾಂ ಯುದ್ಧದಲ್ಲಿ ಡಾಲರ್ ಜಾಗಕ್ಕೆ ಕಾಲೇಜು ಬಂತು. ಓದುತ್ತಿದ್ದವರಿಗೆ ಕರೆ ಮುಂದಕ್ಕೆ ಹೋಗುತ್ತಿತ್ತು, ಓದಲಾಗದವರು ಹೋದರು. 1970ರ ಸೆಪ್ಟೆಂಬರ್ 1ರಂದು ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಎದ್ದು ನಿಂತು, ಈ ಸದನ ರಕ್ತ ನಾರುತ್ತಿದೆ ಅಂದರು. ಬಾವುಟ ಸುತ್ತಿಕೊಂಡು ಯುದ್ಧ ಮುಂದುವರಿಸೋಣ ಅನ್ನಲು ಧೈರ್ಯವೇನೂ ಬೇಕಿಲ್ಲ, ಹರಿಯುತ್ತಿರುವುದು ನಮ್ಮ ರಕ್ತವಲ್ಲವಲ್ಲ ಎಂಬುದು ಅವರ ಮಾತಿನ ತಿರುಳು. ಇದು ಸುಮ್ನೆ ಆಡಿದ ಮಾತಲ್ಲ. ಎರಡನೇ ಮಹಾಯುದ್ಧದಲ್ಲಿ ಅವರು ಬಾಂಬರ್ ವಿಮಾನದಲ್ಲಿ 35 ಸಲ ದಾಳಿಗೆ ಹೋಗಿ ಬಂದವರು. ಆದರೆ ಸೇನೆಯನ್ನು ವಾಪಸ್ ಕರೆಸುವ ಅವರ ತಿದ್ದುಪಡಿ 39–55 ಮತಗಳಿಂದ ಬಿದ್ದುಹೋಯಿತು. ಅಮೆರಿಕದ ಪಡೆ ವಾಪಸಾಗಿದ್ದು 1973ರಲ್ಲಿ.

ನಮ್ಮಲ್ಲಿ ಸೇನೆಗೆ ಸೇರಲೇಬೇಕೆಂಬ ಕಾನೂನು ಇಲ್ಲ. ದೇಶಾಭಿಮಾನ ಇದ್ದವರು ಹೋಗುತ್ತಾರೆ, ಕೆಲಸ ಬೇಕಾದವರು ಹೋಗುತ್ತಾರೆ. ಎಷ್ಟೋ ಹುಡುಗರಲ್ಲಿ ಇವೆರಡನ್ನೂ ಬಿಡಿಸಲಿಕ್ಕೆ ಆಗುವುದಿಲ್ಲ. 2022ರ ಅಗ್ನಿಪಥ ಯೋಜನೆ ಬಂದ ಮೇಲೆ ಹೊಸದಾಗಿ ಸೇರುವ ಜವಾನರ ಸೇವೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಶೇ 25ರಷ್ಟು ಮಂದಿಯನ್ನು ಮಾತ್ರ. ಆ ನಾಲ್ಕು ವರ್ಷಕ್ಕೆ ಸೇರಬೇಕಾದರೂ ಮೊದಲು 1.6 ಕಿಲೋಮೀಟರ್ ಓಟ ಗೆಲ್ಲಬೇಕು.

ಆ ಸಂಜೆ ಅಂಗಡಿಯಲ್ಲಿ ಭರ್ತಿಗೆ ತಯಾರಾಗುತ್ತಿದ್ದ ಇಬ್ಬರು ಹುಡುಗರಿದ್ದರು. ಮುಖಂಡರ ಮಾತಿಗೆ ಒಮ್ಮೆ ತಲೆ ಎತ್ತಿ ನೋಡಿದರು. ಚಹಾದ ದುಡ್ಡು ಕೊಟ್ಟು ಎದ್ದು ಹೋದರು. ಬೆಳಿಗ್ಗೆ ಐದಕ್ಕೆ ಗ್ರೌಂಡಿನಲ್ಲಿ ಇರಬೇಕಲ್ಲ.