ಹಾಳೆ ಹರಿದು ನೋಡಿ, ಗೌಡ್ರೇ

‘ಎದೆಗೆ ಕರೆಂಟ್ ಕೊಟ್ಟು ಬಡಿತ ಸರಿ ಮಾಡಿದ್ರಲ್ಲ ಡಾಕ್ಟ್ರೇ, ಮೂರೇ ವಾರಕ್ಕೆ ಮತ್ತೆ ಅದೇ ಕಥೆ. ಯಾಕೆ?’

ಕೇಳಿದವರು ಹೊಸನಗರ ಕಡೆಯ ಅಡಿಕೆ ಬೆಳೆಗಾರರು. ವಯಸ್ಸು 62. ಬಿಪಿ ಹತ್ತು ವರ್ಷದ್ದು, ಮಾತ್ರೆ ಮಾತ್ರ ನೆನಪಾದಾಗ. ಎದೆ ಡವಡವ ಶುರುವಾಗಿ ಒಂದೂವರೆ ವರ್ಷವಾಗಿತ್ತು. ಗ್ಯಾಸ್ಟ್ರಿಕ್ ಇರಬೇಕು, ಸುಗ್ಗಿ ಮುಗೀಲಿ ಅಂತ ಕಷಾಯ ಕುಡಿದುಕೊಂಡು ತಳ್ಳಿದ್ದರು.

ಅವರಿಗಿದ್ದದ್ದು ಏಟ್ರಿಯಲ್ ಫಿಬ್ರಿಲೇಷನ್, ನಾವು ಎ.ಎಫ್. ಅನ್ನುತ್ತೇವೆ. ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಾಗಿ ಹಿಂಡುವುದನ್ನು ಬಿಟ್ಟು ಸುಮ್ನೆ ಅದುರುತ್ತಿರುತ್ತವೆ, ನಿಮಿಷಕ್ಕೆ 350ರಿಂದ 600 ಸಲ. ಏಳು ದಿನ ದಾಟಿಯೂ ತಾನಾಗಿ ನಿಲ್ಲದಿದ್ದರೆ ಅದನ್ನು ಪರ್ಸಿಸ್ಟೆಂಟ್ ಅನ್ನುತ್ತೇವೆ, ಅಂದರೆ ಬಿಡದೆ ಕೂತದ್ದು.

ಅವತ್ತು ಅವರು ಅಡಿಕೆ ಹಾಳೆಯ ಕೊಟ್ಟೆಯಲ್ಲಿ, ಅಂದರೆ ಪೊಟ್ಟಣದಲ್ಲಿ, ಅಪ್ಪೆಮಿಡಿ ತಂದಿದ್ದರು. (ಉಪ್ಪಿನಕಾಯಿ ನನ್ನ ಪಾಲಿಗೆ. ಅವರ ಬಿಪಿಗೆ ಅಷ್ಟು ಉಪ್ಪು ಬೇಡ ಅಂತ ಹೇಳಿದ್ದೇನೆ.) ಮಿಡಿ ಪಕ್ಕಕ್ಕಿಟ್ಟು, ಕೊಟ್ಟೆ ಬಿಚ್ಚಿ ಅವರ ಕೈಗೇ ಕೊಟ್ಟೆ. ‘ಹರಿದು ನೋಡಿ ಗೌಡ್ರೇ.’ ಉದ್ದಕ್ಕೆ ಎಳೆದರು, ಸರ್ರನೆ ಸೀಳಿತು. ‘ಈಗ ಅಡ್ಡಕ್ಕೆ.’ ನಕ್ಕರು. ‘ಅಡ್ಡಕ್ಕೆ ಕತ್ತಿಯೇ ಬೇಕು ಡಾಕ್ಟ್ರೇ.’

ಮೇಲಿನ ಕೋಣೆಯ ಗೋಡೆಯೂ ಹಾಗೇ. ಹೆಚ್ಚಿನ ಕಡೆ ಎರಡು ಮೂರು ಮಿಲಿಮೀಟರ್ ದಪ್ಪದ, ಎಳೆ ಎಳೆಯಾದ ಮಾಂಸ. ಬಡಿತದ ವಿದ್ಯುತ್ ಅಲೆ ಎಳೆಯ ಉದ್ದಕ್ಕೆ ಓಡುತ್ತದೆ, ಅಡ್ಡಕ್ಕೆ ನಿಧಾನವಾಗಿ ದಾಟುತ್ತದೆ. ಆರೋಗ್ಯದಲ್ಲಿ ಇದರಿಂದ ತೊಂದರೆ ಏನಿಲ್ಲ. ಪಕ್ಕಪಕ್ಕದ ಎಳೆಗಳ ನಡುವೆ ಸಣ್ಣ ಸಣ್ಣ ಕೊಂಡಿಗಳಿವೆ, ಗೋಡೆ ಪೂರ್ತಿ ಒಂದೇ ಉಸಿರಿಗೆ ಹಿಂಡಿಕೊಳ್ಳುತ್ತದೆ. ವಯಸ್ಸು, ಬಿಪಿ, ಬೊಜ್ಜು, ಜೋರು ಗೊರಕೆಯ ಸ್ಲೀಪ್ ಆಪ್ನಿಯಾ, ಕವಾಟದ ಕಾಯಿಲೆ, ಇವೆಲ್ಲ ಸೇರಿ ಎಳೆಗಳ ನಡುವೆ ಕೊಲಾಜೆನ್ ಎಂಬ ಗಟ್ಟಿ ನಾರು ತುಂಬಿಸುತ್ತವೆ. ಇದೇ ಫೈಬ್ರೋಸಿಸ್. ಅಡ್ಡ ಕೊಂಡಿಗಳು ಒಂದೊಂದಾಗಿ ಕಡಿಯುತ್ತವೆ. ಅಲೆ ನೇರ ದಾಟಲಾರದೆ ಬಳಸಿಕೊಂಡು ಹೋಗುತ್ತದೆ, ತಡವಾಗುತ್ತದೆ.

ಆ ತಡವೇ ಕುತ್ತು. ಒಮ್ಮೆ ಬಡಿದ ಜೀವಕೋಶಕ್ಕೆ ಚಿಕ್ಕ ವಿಶ್ರಾಂತಿ ಬೇಕು, ಅಷ್ಟರಲ್ಲಿ ಬಂದ ಅಲೆ ಅಲ್ಲೇ ಸಾಯುತ್ತದೆ. ಬಳಸಿ ತಡವಾಗಿ ಬಂದ ಅಲೆಗೋ, ವಿಶ್ರಾಂತಿ ಮುಗಿಸಿ ಸಿದ್ಧವಾದ ಮಾಂಸ ಸಿಗುತ್ತದೆ. ಮತ್ತೆ ಒಂದು ಸುತ್ತು ಹೊಡೆಯುತ್ತದೆ.

ಇಷ್ಟೇ ಅಲ್ಲ. ಗೋಡೆಗೆ ಒಳಪದರ, ಹೊರಪದರ ಎಂದಿವೆ. ಬಹಳ ಕಡೆ ಎರಡರ ಎಳೆಗಳ ದಿಕ್ಕು ಬೇರೆ, ಎರಡು ಹಾಳೆ ಅಡ್ಡಡ್ಡ ಇಟ್ಟ ಹಾಗೆ. ನಡುವಿನ ಕೊಂಡಿ ಕಡಿದರೆ ಎರಡೂ ತಮ್ಮ ತಮ್ಮ ಪಾಡಿಗೆ ಬಡಿಯತೊಡಗುತ್ತವೆ. ಒಂದರಲ್ಲಿ ಸತ್ತ ಅಲೆ ಇನ್ನೊಂದರಿಂದ ಮೇಲೆದ್ದು ಬರುತ್ತದೆ. ಹೃದಯದ ಆಪರೇಷನ್ ವೇಳೆ ಅಲೆಗಳನ್ನು ಅಳೆದ ಸಂಶೋಧಕರು ಇದನ್ನು ತೋರಿಸಿದ್ದಾರೆ.

1995ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಆಡುಗಳಿಗೆ ಬೇಕೆಂದೇ ಎ.ಎಫ್. ಬರಿಸುತ್ತಾ ಹೋದರು. ಮೊದಮೊದಲು ಕೆಲವೇ ಸೆಕೆಂಡಿಗೆ ನಿಲ್ಲುತ್ತಿದ್ದದ್ದು ಒಂದೆರಡು ವಾರದಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಎ.ಎಫ್. ತಾನೇ ವಿಶ್ರಾಂತಿಯ ಹೊತ್ತನ್ನು ಮೊಟಕು ಮಾಡಿ ತನಗೆ ದಾರಿ ಮಾಡಿಕೊಂಡಿತ್ತು. ಬಡಿತದ ಸರಿಯಾದ ತಾಳ ಮರಳಿದರೆ ಈ ವಿದ್ಯುತ್ ಬದಲಾವಣೆ ಕೆಲವೇ ದಿನದಲ್ಲಿ ಸರಿಹೋಗುತ್ತದೆ. ಕೊಲಾಜೆನ್ ಹಾಗಲ್ಲ, ಕೂತರೆ ಕೂತಂತೆಯೇ.

ಗೌಡರ ಪ್ರಶ್ನೆಗೆ ಉತ್ತರ ಇಲ್ಲಿದೆ. ನಾವು ಕೊಟ್ಟ ಕರೆಂಟ್, ಅಲೆಗಳನ್ನೆಲ್ಲ ಒಮ್ಮೆಗೇ ನಿಲ್ಲಿಸಿತು. ಗೋಡೆ ಅದೇ ಇತ್ತು.

ಹಾಗಾದರೆ ಗೋಡೆಯನ್ನೇ ಸುಟ್ಟು ಸರಿಮಾಡಬಹುದಲ್ವಾ? ಹೀಗೆ ಕೇಳಿದ್ದು ಗೌಡರ ಮಗ, ಮೊಬೈಲಲ್ಲಿ ನೋಡಿಕೊಂಡೇ ಬಂದಿದ್ದ. ಶ್ವಾಸಕೋಶದಿಂದ ಎಡ ಮೇಲಿನ ಕೋಣೆಗೆ ಬರುವ ರಕ್ತನಾಳಗಳ ಬಾಯಲ್ಲಿ ಬಹಳ ಸಲ ಮೊದಲ ಕಿಡಿ ಹೊತ್ತುತ್ತದೆ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೋ ವೈದ್ಯರು ತೋರಿಸಿದರು. ಅದರ ಸುತ್ತ ಸುಡುವ ಅಬ್ಲೇಷನ್, ಬಂದು ಹೋಗುವ ಎ.ಎಫ್.ಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಿಡದೆ ಕೂತದ್ದಕ್ಕೆ ಫಲ ಕಡಿಮೆ. ಇನ್ನಷ್ಟು ಸುಟ್ಟರೆ? 2015ರ ಸ್ಟಾರ್ ಎ.ಎಫ್. 2 ಅಧ್ಯಯನದಲ್ಲಿ 589 ರೋಗಿಗಳಿದ್ದರು, ಹೆಚ್ಚುವರಿ ಗೆರೆ ಸುಟ್ಟದ್ದರಿಂದ ಲಾಭ ಕಾಣಲಿಲ್ಲ. 2022ರಲ್ಲಿ ಎಂಆರ್‌ಐನಲ್ಲಿ ಫೈಬ್ರೋಸಿಸ್ ಕಂಡ ಜಾಗವನ್ನೇ ಹುಡುಕಿ ಸುಟ್ಟು ನೋಡಿದರು, ಅದೂ ಕೈಹಿಡಿಯಲಿಲ್ಲ. ಸುಟ್ಟ ಗಾಯವೂ ಒಂದು ಕಲೆಯೇ ಅಲ್ವಾ? ನಾನಂತೂ ಜಾಸ್ತಿ ಸುಡಿಸಿ ಎಂದು ಯಾರಿಗೂ ಹೇಳುವುದಿಲ್ಲ.

ಬೇಗ ಬಂದವರ ಮಾತು ಬೇರೆ. ಎ.ಎಫ್. ಪತ್ತೆಯಾದ ಒಂದು ವರ್ಷದೊಳಗೆ ತಾಳ ಉಳಿಸುವ ಚಿಕಿತ್ಸೆ ಶುರುಮಾಡಿದವರಲ್ಲಿ ಸ್ಟ್ರೋಕ್, ಹೃದಯದ ತೊಂದರೆಗಳು ಕಡಿಮೆಯಾದವು ಎಂದು 2020ರ ಯುರೋಪಿನ ದೊಡ್ಡ ಅಧ್ಯಯನ ಹೇಳಿದೆ. ಹಿಂದೆ ಒಬ್ಬ ರೋಗಿಗೆ ನಾನೇ ‘ನೋಡೋಣ’ ಅನ್ನುತ್ತಾ ಎರಡು ವರ್ಷ ಕಳೆದಿದ್ದೆ. ಅದು ಈಗಲೂ ಚುಚ್ಚುತ್ತದೆ.

ಗೌಡರ ಎಡ ಮೇಲಿನ ಕೋಣೆ ಎಕೋದಲ್ಲಿ ಚೆನ್ನಾಗಿಯೇ ಹಿಗ್ಗಿತ್ತು. ಮಾತಾಡಿ, ವೇಗ ಹಿಡಿತದಲ್ಲಿಡುವ ಮಾತ್ರೆ, ರಕ್ತ ಹೆಪ್ಪುಗಟ್ಟದ ಮಾತ್ರೆ, ಇಷ್ಟಕ್ಕೇ ನಿಂತೆವು. ಎರಡನೆಯದನ್ನು ಒಂದು ದಿನವೂ ತಪ್ಪಿಸಬೇಡಿ ಅಂತ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದೆ.

ಹೊರಡುವಾಗ ಮಗನ ಬಿಪಿಯನ್ನೂ ಸುಮ್ನೆ ನೋಡಿದೆ. 152/96. ಮೂವತ್ತೈದರ ಹುಡುಗ. ‘ಮೆಟ್ಲು ಹತ್ತಿ ಬಂದೆ ಅಲ್ವಾ ಸಾರ್, ಅದಕ್ಕೆ. ಬಸ್ಸಿಗೆ ಹೊತ್ತಾಯ್ತು’ ಅಂದ. ‘ಮುಂದಿನ ಬಸ್ಸಿಗೆ ಹೋಗು ಮಾರಾಯ’ ಅಂತ ಕೂರಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಪಟ್ಟಿ ಸುತ್ತಿದೆ.