ಹಿಮಕ್ಕೆ ಹಲಗೆ ಇಲ್ಲ: ಹಾಸುಯಿಯ ‘ಶಿಬಾದ ಜೋಜೋಜಿ’

ಚಿತ್ರ: ‘ಶಿಬಾದ ಜೋಜೋಜಿ’, 1925. ಜಪಾನಿನ ಮರದಚ್ಚಿನ ಚಿತ್ರ, ಅಂದರೆ ಕೆತ್ತಿದ ಮರದ ಹಲಗೆಗಳಿಂದ ಕಾಗದದ ಮೇಲೆ ಒತ್ತಿದ್ದು. ಕಲಾವಿದ: ಕವಾಸೆ ಹಾಸುಯಿ (1883–1957). ಸರಣಿ: ‘ಟೋಕಿಯೋದ ಇಪ್ಪತ್ತು ನೋಟಗಳು’. ಪ್ರಕಾಶಕ: ವತನಾಬೆ ಶೋಜಾಬುರೊ.

ಹಿಂದೆ ದೇವಾಲಯದ ದೊಡ್ಡ ಕೆಂಪು ದ್ವಾರ. ಮುಂದೆ ಹಿಮ ಹೊತ್ತ ಪೈನ್ ಮರ. ಹೆಂಗಸೊಬ್ಬಳು ಗಾಳಿಗೆ ಕೊಡೆ ಅಡ್ಡ ಹಿಡಿದು ನಡೆಯುತ್ತಿದ್ದಾಳೆ. ಹಿಮ ಓರೆಯಾಗಿ ಬೀಸುತ್ತಿದೆ. ದ್ವಾರ 1622ರದ್ದು, ಈಗಲೂ ಟೋಕಿಯೋದಲ್ಲಿ ನಿಂತಿದೆ. ಶಿಬಾ ಎಂಬ ಪ್ರದೇಶದಲ್ಲಿರುವ ಜೋಜೋಜಿ, ಹಿಂದೆ ಜಪಾನನ್ನು ಆಳಿದ ತೊಕುಗಾವಾ ಮನೆತನದ ದೇವಾಲಯ.

ಈಗ ಮುಖ್ಯ ಪ್ರಶ್ನೆ. ಇಷ್ಟೊಂದು ಬಿಳಿ ಎಲ್ಲಿಂದ ಬಂತು? ಕಾಗದದಿಂದಲೇ. ಮರದ ಹಲಗೆಯಲ್ಲಿ ಉಬ್ಬಾಗಿ ಉಳಿದ ಭಾಗ ಮಾತ್ರ ಬಣ್ಣ ಹಿಡಿಯುತ್ತದೆ, ಕೆತ್ತಿ ತೆಗೆದ ಜಾಗ ಬಿಳಿಯಾಗಿ ಉಳಿಯುತ್ತದೆ. ಅಂದರೆ ಹಿಮದ ಒಂದೊಂದು ಚುಕ್ಕೆಗೂ ಕೆತ್ತನೆಗಾರ ಒಂದೊಂದು ಪುಟ್ಟ ಗುಳಿ ತೋಡಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಬಣ್ಣಗಳನ್ನು ಒಂದಾದ ಮೇಲೊಂದು ಬೇರೆ ಬೇರೆ ಹಲಗೆಗಳಿಂದ ಒತ್ತುತ್ತಾರೆ. ದ್ವಾರದ ಕೆಂಪು ಗೋಡೆಯ ಮುಂದೆ ಬೀಳುವ ಒಂದು ಚುಕ್ಕೆಯನ್ನೇ ತಗೊಳ್ಳಿ. ಅದರ ಸುತ್ತ ಕೆಂಪೂ ಬೀಳುತ್ತದೆ, ಕೆಂಪಿನ ಮೇಲೆ ನೆರಳಿನ ಬಣ್ಣವೂ ಬೀಳುತ್ತದೆ. ಹಾಗಾಗಿ ಎರಡೂ ಹಲಗೆಗಳಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಗುಳಿ ಇರಬೇಕು. ಒಂದರಲ್ಲಿ ಮರೆತರೆ ಹಿಮ ಕೊಳಕಾಗಿ ಕಾಣುತ್ತದೆ. ಹಿಮದ ಚಿತ್ರ ಸುಲಭ, ಖಾಲಿ ಬಿಟ್ಟರಾಯ್ತು ಅಂದುಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು.

ಹಲಗೆಗಳು ಹೊಂದಿಕೊಳ್ಳುವುದು ‘ಕೆಂತೊ’ ಎಂಬ ಗುರುತಿನಿಂದ. ಪ್ರತಿ ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಸಣ್ಣ ಕಚ್ಚು ಇರುತ್ತದೆ. ಮುದ್ರಕ ಕಾಗದವನ್ನು ಅದಕ್ಕೆ ಕೂರಿಸಿ, ‘ಬಾರೆನ್’ ಎಂಬ ದುಂಡನೆಯ ಬಿಲ್ಲೆಯಿಂದ ಬೆನ್ನ ಮೇಲೆ ಉಜ್ಜುತ್ತಾನೆ. ಕಾಗದ ಒದ್ದೆಯಾಗಿರಬೇಕು, ಆಗಲೇ ಬಣ್ಣ ನಾರಿನೊಳಗೆ ಇಳಿಯುವುದು. ಆದರೆ ಒದ್ದೆ ಕಾಗದ ಒಣಗುತ್ತಾ ಕುಗ್ಗುತ್ತದೆ, ಅಳತೆ ತಪ್ಪುತ್ತದೆ! ಕೊನೆಯ ಬಣ್ಣದವರೆಗೂ ತೇವ ಒಂದೇ ಸಮ ಕಾಯಬೇಕು. ಚಿತ್ರವನ್ನು ದೊಡ್ಡದು ಮಾಡಿ ಚುಕ್ಕೆಗಳ ಅಂಚು ನೋಡಿ. ಮುದ್ರಕನ ಕೈ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಕೆಂಪು ದೇವಾಲಯ, ಬಿಳಿ ಹಿಮ ಎಂಬ ಜೋಡಿ ಹಾಸುಯಿಯೇ ಮೊದಲು ತಂದದ್ದೇನಲ್ಲ. ‘ಹಿರೊಶಿಗೆ’ ಎಂಬ ಹಿಂದಿನ ಮರದಚ್ಚಿನ ಕಲಾವಿದ 1856ರಲ್ಲೇ ಟೋಕಿಯೋದ ಅಸಾಕುಸಾ ದೇವಾಲಯವನ್ನು ಹೀಗೆ ತೋರಿಸಿದ್ದ. ಅಲ್ಲಿ ಹಿಮ ಶಾಂತ. ಹಾಸುಯಿ ಗಾಳಿ ಸೇರಿಸಿದ. ನನಗೆ ಹಿಡಿಸುವುದು ಅದೇ: ಆ ಹೆಂಗಸಿನ ಮುಖ ಕಾಣದಿದ್ದರೂ ಕೊಡೆ ಬಾಗಿದ ರೀತಿಯಲ್ಲೇ ಚಳಿ ತಿಳಿಯುತ್ತದೆ, ಅಲ್ವಾ?

ಕಾಲ ನೆನಪಿಡಿ. 1923ರ ಸೆಪ್ಟೆಂಬರ್ 1ರಂದು ಟೋಕಿಯೋವನ್ನು ನಡುಗಿಸಿದ ಮಹಾ ಭೂಕಂಪದ ಬೆಂಕಿಯಲ್ಲಿ ಹಾಸುಯಿಯ ಸ್ಕೆಚ್ ಪುಸ್ತಕಗಳೂ ವತನಾಬೆಯ ಅಂಗಡಿಯ ಹಲಗೆಗಳೂ ಸುಟ್ಟುಹೋಗಿದ್ದವು. ಈ ಚಿತ್ರ ಬಂದದ್ದು ಅದಾಗಿ ಎರಡೇ ವರ್ಷಕ್ಕೆ.

ಇದೇ ದೇವಾಲಯದ ಹಿಮವನ್ನು ಹಾಸುಯಿ 1953ರಲ್ಲಿ ಮತ್ತೆ ಮಾಡಿದ. ಈ ಕಸುಬಿನ ವಿಧಾನವನ್ನು ದಾಖಲಿಸಿಡಲು ಸರ್ಕಾರದ ಸಮಿತಿಯೇ ಮಾಡಿಸಿದ ಚಿತ್ರ ಅದು. ಅದರ ಒಂದೊಂದು ಪ್ರತಿಗೂ ಕಾಗದವನ್ನು 42 ಸಲ ಒತ್ತಿದ್ದರು.